ಒಂದು ಹಾಲ್, ಮೂವರು ಯಜಮಾನ್ತಿಯರು

ಪ್ರಶ್ನೆ: ನಾವು ಕೆಲಸಕ್ಕೆ ಹೋಗುವ ಮೂವರು ಹೆಣ್ಣುಮಕ್ಕಳು ಸೇರಿ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದಿದ್ದೇವೆ. ಬೆಡ್‌ರೂಮುಗಳ ಬಗ್ಗೆ ತಕರಾರಿಲ್ಲ, ಅವರವರದು ಅವರವರಿಗೆ. ರಗಳೆ ಎಲ್ಲಾ ಹಾಲ್‌ನದ್ದೇ. ನನಗೆ ಬಿಳಿ ಗೋಡೆ, ಖಾಲಿ ಟೀಪಾಯಿ ಇಷ್ಟ. ಒಬ್ಬಳು ಹಳೇ ಹಿತ್ತಾಳೆ ಸಾಮಾನು, ಕಸೂತಿ ಕುಶನ್, ಕಡುಗೆಂಪು ಕರ್ಟನ್ ಅನ್ನುವವಳು. ಇನ್ನೊಬ್ಬಳಿಗೆ ಗೋಡೆತುಂಬ ಪೋಸ್ಟರ್ ಬೇಕು, ಬಣ್ಣಬಣ್ಣದ ಸೀರಿಯಲ್ ಸೆಟ್ ಬೇಕು, ಕಿಟಕಿ ತುಂಬ ಗಿಡ ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಒಂದು ತಿಂಗಳಿಂದ ಹಾಲ್‌ನಲ್ಲಿ ಒಬ್ಬರೂ ಕೂರುತ್ತಿಲ್ಲ, ಮೂವರೂ ಬಾಗಿಲು ಹಾಕಿಕೊಂಡು ರೂಮಿನಲ್ಲೇ ಇರುತ್ತೇವೆ. ಯಾವ ಸ್ಟೈಲ್ ಸರಿ ಅಂತ ನೀವು ನಾಲ್ಕು ಸಾಲು ಬರೆದುಕೊಟ್ಟರೆ ಅವರಿಗೆ ತೋರಿಸುತ್ತೇನೆ.
– ಬಿಳಿ ಗೋಡೆಯವಳು

ಉತ್ತರ: ತೋರಿಸುವುದಕ್ಕೆ ಅಂದಿರಲ್ಲ, ಅದಕ್ಕೇ ಬರೆದುಕೊಡುವುದಿಲ್ಲ. ಹಿಂದೊಮ್ಮೆ ಕೊಟ್ಟು ಕೆಟ್ಟಿದ್ದೇನೆ. ಇದೇ ಅಂಕಣದ ಉತ್ತರವೊಂದನ್ನು ಯಾರೋ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿ, ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದರಂತೆ. ಅದೇ ಮನೆಯ ಎದುರುಪಕ್ಷ ಅದರ ಮುಂದಿನ ಸಾಲಿಗೆ ಹಸಿರು ಗೀಟು ಎಳೆದು, ಫೋಟೋ ತೆಗೆದು ನನಗೇ ಕಳಿಸಿತು. ನನ್ನ ಬರವಣಿಗೆಯನ್ನು ಅಷ್ಟು ಗಮನವಿಟ್ಟು ಮತ್ತೆ ಯಾರೂ ಓದಿಲ್ಲ.

ನಿಮ್ಮ ಕಾಗದದಲ್ಲಿ ನಾನು ಎರಡು ಸಲ ಓದಿದ ಸಾಲು, 'ಹಾಲ್‌ನಲ್ಲಿ ಒಬ್ಬರೂ ಕೂರುತ್ತಿಲ್ಲ' ಅನ್ನುವುದು. ಮೂವರಿಗೂ ಬೇಡವಾದ ಕೋಣೆ ಅಂದರೆ ಅಲ್ಲಿ ಮೂವರಿಗೂ ಹಿಡಿಸದ ಏನೋ ಒಂದು ಇರಬೇಕು. ಇವತ್ತು ರಾತ್ರಿ ಎಂಟಕ್ಕೆ ಹಾಲ್‌ನ ಎಲ್ಲಾ ದೀಪ ಹಾಕಿ ನಡುವೆ ನಿಂತು ನೋಡಿ. ಒಂದು ಬಲ್ಬು ನೀಲಿ, ಒಂದು ಹಳದಿ ಇದ್ದೇ ಇರುತ್ತದೆ, ಬೇಕಾದರೆ ಪಂತ ಕಟ್ಟುತ್ತೇನೆ.

ಕೂಡಿ ಇರುವ ಮನೆಗಳಲ್ಲಿ ಇದು ಮಾಮೂಲು. ಬಲ್ಬು ಕೆಟ್ಟಾಗ ಯಾರು ಮೊದಲು ಹೊರಗೆ ಹೋದರೋ ಅವರ ಕೈಗೆ ಸಿಕ್ಕಿದ್ದು ಬಂದು ಹೋಲ್ಡರಿಗೆ ಏರುತ್ತದೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 6500 ಕೆಲ್ವಿನ್ ಅಂತಿದ್ದರೆ ನೀಲಿಗೆ ವಾಲಿದ ಬಿಳಿ ಬೆಳಕು, 2700 ಅಂತಿದ್ದರೆ ಹಳದಿ. ಎರಡನ್ನೂ ಒಂದೇ ಹಾಲ್‌ಗೆ ಹಾಕಿದರೆ ನಿಮ್ಮ ಬಿಳಿ ಗೋಡೆ ಒಂದು ತುದಿಯಲ್ಲಿ ಆಸ್ಪತ್ರೆಯ ಹಾಗೆ, ಇನ್ನೊಂದು ತುದಿಯಲ್ಲಿ ಹಳೇ ಪೇಪರಿನ ಹಾಗೆ ಕಾಣುತ್ತದೆ. ಕೆಲವು ಡಬ್ಬಿಗಳ ಮೇಲೆ ಸಿಆರ್‌ಐ ಅಂತ ಇನ್ನೊಂದು ಅಂಕೆಯೂ ಇರುತ್ತದೆ. ಆ ಬೆಳಕಿನಲ್ಲಿ ಬಣ್ಣ ಎಷ್ಟರ ಮಟ್ಟಿಗೆ ಸರಿಯಾಗಿ ಕಾಣುತ್ತದೆ ಎಂಬುದಕ್ಕೆ ನೂರಕ್ಕೆ ಇಷ್ಟು ಅಂತ ಕೊಡುವ ಮಾರ್ಕು ಅದು. 80 ಇದ್ದರೆ ದಿನಬಳಕೆಗೆ ನಡೆಯುತ್ತದೆ, 90 ದಾಟಿದರೆ ಚೆನ್ನ. ಮಾರ್ಕು ಕಡಿಮೆ ಬಂದ ಎಲ್‌ಇಡಿ ಕೆಳಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಕೆಂಪು. ನಿಮ್ಮ ಗೆಳತಿಯ ಕಡುಗೆಂಪು ಕರ್ಟನ್ ನಿಮಗೆ ರಾತ್ರಿ ಮಾಸಿದ ಹಾಗೆ ಕಂಡರೆ ಅದರಲ್ಲಿ ಅರ್ಧ ತಪ್ಪು ಬಲ್ಬಿನದು. ಹಿತ್ತಾಳೆಯ ಗತಿಯೂ ಹಾಗೇ. ನೀಲಿ ಬೆಳಕಿನಲ್ಲಿ ಅದರ ಮೈಬಣ್ಣ ಸತ್ತುಹೋಗುತ್ತದೆ.

ಹಾಗಾಗಿ ಮೊದಲ ಖರ್ಚು ಬಲ್ಬಿಗೆ. ಇರುವುದನ್ನೆಲ್ಲ ಬಿಚ್ಚಿ, 3000 ಕೆಲ್ವಿನ್, ಸಿಆರ್‌ಐ 90ರವು, ಒಂದೇ ಕಂಪನಿಯವು, ಒಂದೇ ದಿನ ಹಾಕಿ. ನೆತ್ತಿಯ ಮೇಲಿನ ಒಂದೇ ದೀಪವನ್ನು ನಂಬಬೇಡಿ. ಸೋಫಾ ಪಕ್ಕ ಒಂದು, ದೂರದ ಮೂಲೆಯಲ್ಲಿ ಒಂದು ಸ್ಟ್ಯಾಂಡ್ ದೀಪ ಇಡಿ. (ಡಿಮ್ಮರ್ ಹಾಕುವ ಉಮೇದು ಬಂದರೆ, ಡಬ್ಬಿಯ ಮೇಲೆ 'ಡಿಮ್ಮಬಲ್' ಅಂತ ಬರೆದ ಬಲ್ಬನ್ನೇ ತನ್ನಿ. ಇಲ್ಲದಿದ್ದರೆ ಮಿಟಮಿಟ ಅನ್ನುತ್ತದೆ.) ಒಂದು ವಾರ ಬಿಟ್ಟು ಮತ್ತೆ ಜಗಳ ಶುರು ಮಾಡಿ. ಅಷ್ಟರಲ್ಲಿ ಜಗಳದ ಪಟ್ಟಿ ಸ್ವಲ್ಪ ಚಿಕ್ಕದಾಗಿರುತ್ತದೆ.

ಈ ಬೆಳಕಿನ ಬುದ್ಧಿ ನನಗೆ ಬಂದದ್ದು ಗೋಡೆ ಕೆಡಿಸಿಯೇ. ಒಳಾಂಗಣದ ಕೆಲಸ ಆಗಷ್ಟೇ ಕಲಿಯುತ್ತಿದ್ದೆ, ಒಬ್ಬ ಗೆಳತಿಯ ಜೊತೆ ಮನೆ ಮಾಡಿದ್ದೆ. ಅವಳು ನಾಲ್ಕು ದಿನ ಊರಿಗೆ ಹೋದಾಗ, ಬರುವಷ್ಟರಲ್ಲಿ ಚಕಿತಳಾಗಲಿ ಅಂತ ಹಾಲ್‌ನ ದೊಡ್ಡ ಗೋಡೆಗೆ ಎಳೆ ಬೂದು ಬಳಿದೆ. ಆ ಬೂದು ಆರಿಸಿದ್ದು ಪೇಂಟ್ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ, ಶೇಡ್ ಕಾರ್ಡಿನ ಉಗುರಗಲದ ಚೌಕ ನೋಡಿ. ಮನೆಯ ಹಳದಿ ದೀಪ ಹೊತ್ತಿಸಿದ ಕೂಡಲೇ ಅದು ಹಸಿರು ತಿರುಗಿತು, ಥೇಟ್ ಪಾಚಿ ಹಿಡಿದ ಗೋಡೆ. ಗೆಳತಿ ಬಂದಳು, ಎರಡು ನಿಮಿಷ ನೋಡಿದಳು, 'ಚೆನ್ನಾಗಿದೆ ಕಣೇ' ಅಂದಳು. ಮೂರು ತಿಂಗಳಾದ ಮೇಲೆ ಆ ಗೋಡೆಗೆ ಒಂದು ಬೆಡ್‌ಶೀಟ್ ಬಂದು ನೇತುಬಿತ್ತು. ಏನೇ ಇದು ಅಂದರೆ, 'ಒಣಗಲಿ ಅಂತ' ಅಂದಳು. ಅದು ಒಣಗುವುದಕ್ಕೆ ಇನ್ನೊಂದು ತಿಂಗಳು ಹಿಡಿಯಿತು, ಆಮೇಲೆ ಬಾಯಿಬಿಟ್ಟಳು. ಆವತ್ತಿನಿಂದ ಯಾವ ಬಣ್ಣವನ್ನೂ ನೇರ ಗೋಡೆಗೆ ಹಾಕಿಲ್ಲ. ದೊಡ್ಡ ರಟ್ಟಿನ ಹಾಳೆಗೆ ಎರಡು ಕೋಟ್ ಬಳಿದು, ಸುತ್ತ ಎರಡು ಇಂಚು ಬಿಳಿ ಅಂಚು ಬಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಮೂರು ಹೊತ್ತೂ ಬೇರೆ ಬೇರೆ ಗೋಡೆಗೆ ಒರಗಿಸಿ ನೋಡುತ್ತೇನೆ. ಅಂಚು ಯಾಕೆಂದರೆ, ಗೋಡೆಯ ಹಳೇ ಬಣ್ಣ ಪಕ್ಕದಲ್ಲೇ ಇದ್ದರೆ ಹೊಸ ಬಣ್ಣ ತನ್ನ ನಿಜಬಣ್ಣ ತೋರಿಸುವುದಿಲ್ಲ.

ಬಣ್ಣಕ್ಕೆ ಪಕ್ಕದವರ ಸಹವಾಸದೋಷ ಇದೆ ಅನ್ನುವುದು ಹಳೇ ಸಂಗತಿ. ಪ್ಯಾರಿಸ್ಸಿನ ಗೋಬೆಲಿನ್ಸ್ ಎಂಬ ನೇಯ್ಗೆ ಕಾರ್ಖಾನೆಯ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾಗಿ ಬಂದ. ನಿಮ್ಮ ಕಪ್ಪು ದಾರದಲ್ಲಿ ಕಸುವಿಲ್ಲ, ನೀಲಿ ನೇರಳೆ ಬಟ್ಟೆಯಲ್ಲಿ ನೆರಳು ತೋರಿಸಲು ಹಾಕಿದರೆ ಮಂಕಾಗುತ್ತದೆ ಅಂತ ಅವನಿಗೆ ದೂರು ಬಂತು. ಬೇರೆ ಕಡೆಯ ಕಪ್ಪು ಉಣ್ಣೆ ತರಿಸಿ ಹೋಲಿಸಿ ನೋಡಿದ. ದಾರ ಸರಿಯಾಗೇ ಇತ್ತು, ಮಂಕು ಬರುತ್ತಿದ್ದದ್ದು ಪಕ್ಕದ ನೀಲಿ ನೇರಳೆಯಿಂದ. ಅದರ ಬೆನ್ನು ಹತ್ತಿ 1839ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಹೊರತಂದ. ಅದರ ಪ್ರಕಾರ ಕೆಂಪು ಹಸಿರಿನಂಥ ಎದುರುಬದುರು ಬಣ್ಣಗಳನ್ನು ಅಂಟಿಸಿಟ್ಟರೆ ಒಂದು ಇನ್ನೊಂದನ್ನು ಕೆರಳಿಸುತ್ತದೆ. ಈಗ ನಿಮ್ಮ ಕಿಟಕಿ ನೋಡಿ: ಹಿಂದೆ ಕಡುಗೆಂಪು ಕರ್ಟನ್, ಮುಂದೆ ಹಸಿರು ಗಿಡಗಳ ಸಾಲು. ಅಲ್ಲಿ ನಿಮ್ಮ ಗೆಳತಿಯರು ಸುಮ್ಮನಿದ್ದರೂ ಅವರ ಸಾಮಾನು ಕೂಗಾಡುತ್ತಿವೆ. ಗಿಡಕ್ಕೆ ಬೆಳಕು ಬೇಕು, ಅದು ಕಿಟಕಿ ಬಿಟ್ಟು ಬರಲಾರದು. ಕೆಂಪು ಬರಬಹುದು. ಕಿಟಕಿಗೆ ತೆಳು ಬಿಳಿ ಕರ್ಟನ್ ಹಾಕಿ. ಕೆಂಪು ಬಟ್ಟೆಯನ್ನು ಎದುರುಗೋಡೆಯ ಸೋಫಾ ಮೇಲೆ ಹೊದಿಸಿ, ಕಸೂತಿ ಕುಶನ್‌ಗಳನ್ನೂ ಅಲ್ಲೇ ಕೂರಿಸಿ.

ಇದರಲ್ಲಿ ನಿಮಗೇ ಲಾಭವಾಯಿತು ಅಂತ ನಗಬೇಡಿ, ನಿಮ್ಮ ಸರದಿ ಈಗ ಬಂತು. ಕಾಗದದಲ್ಲಿ ಅವರಿಬ್ಬರ ಸಾಮಾನುಗಳ ಪಟ್ಟಿ ಕೊಟ್ಟಿರಿ. ನಿಮ್ಮದು ಮಾತ್ರ ಏನೂ ಇಲ್ಲದ, ಯಾರಿಗೂ ತೊಂದರೆ ಕೊಡದ ಬಿಳಿ ಅನ್ನುವ ಧಾಟಿ. ನನ್ನ ಅನುಭವದಲ್ಲಿ ಕೂಡಿ ಇರುವ ಮನೆಯಲ್ಲಿ ಅತಿ ದೊಡ್ಡ ಆಸೆ ಖಾಲಿ ಜಾಗದವರದು. ಹಿತ್ತಾಳೆಯವಳಿಗೆ ಒಂದು ಮೇಜು ಸಾಕು, ಪೋಸ್ಟರಿನವಳಿಗೆ ಒಂದು ಗೋಡೆ ಸಾಕು. ನಿಮಗೆ ಇಡೀ ಮನೆ ಬೇಕು, ಯಾಕೆಂದರೆ ಯಾವ ಮೂಲೆಯಲ್ಲಿ ಯಾರು ಏನಿಟ್ಟರೂ ನಿಮ್ಮದು ಕೆಡುತ್ತದೆ. ಖಾಲಿ ಇಡುವುದೂ ಅಲಂಕಾರವೇ. ಅದಕ್ಕೂ ಎಲ್ಲೆ ಗುರುತಿಸಬೇಕು.

ಆದ್ದರಿಂದ ಒಂದು ಗೋಡೆ ನಿಮಗೆ. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವ ಗೋಡೆಯನ್ನೇ ಕೇಳಿ, ಸಿಕ್ಕರೆ ಪುಣ್ಯ. ಅದರ ಮೇಲೆ ಕ್ಯಾಲೆಂಡರ್ ಕೂಡ ಬರಕೂಡದು. ಅದಕ್ಕೆ ಪ್ರತಿಯಾಗಿ ಟೀಪಾಯಿಯನ್ನು ಹಿತ್ತಾಳೆಗೆ ಬಿಟ್ಟುಕೊಡಿ. ಗೆಳತಿಗೆ ಒಂದು ದೊಡ್ಡ ತಟ್ಟೆ ಕೊಡಿ; ತಟ್ಟೆಯಲ್ಲಿ ಕೂತಷ್ಟು ಸಾಮಾನು ಇರಲಿ, ಅಂಚು ದಾಟಿದ್ದು ಅವಳ ರೂಮಿಗೆ. ತಟ್ಟೆಯ ಉಪಕಾರ ದೊಡ್ಡದು. ಹತ್ತು ಬಿಡಿ ಸಾಮಾನು ಅದರೊಳಗೆ ಸೇರಿದಾಗ ಕಣ್ಣಿಗೆ ಒಂದೇ ವಸ್ತುವಾಗುತ್ತದೆ, ಧೂಳು ಒರೆಸುವಾಗ ಒಂದೇ ಸಲ ಎತ್ತಿಡಬಹುದು.

ಪೋಸ್ಟರಿನವಳಿಗೆ ಇನ್ನೊಂದು ಗೋಡೆ, ಆದರೆ ಇಲ್ಲಿ ನಿಮ್ಮ ಶಿಸ್ತು ಕೆಲಸಕ್ಕೆ ಬರುತ್ತದೆ. ಅವಳು ಚಿತ್ರ ಆರಿಸಲಿ, ನೀವು ಜಾಗ ಅಳೆಯಿರಿ. ಎಲ್ಲಾ ಪೋಸ್ಟರಿಗೂ ಒಂದೇ ಅಗಲದ ಕಪ್ಪು ಪಟ್ಟಿಯ ಫ್ರೇಮ್, ಒಂದರಿಂದ ಒಂದಕ್ಕೆ ಎರಡು ಇಂಚು ಅಂತರ. ಇಡೀ ಗುಂಪಿನ ನಡುಮಧ್ಯ ನೆಲದಿಂದ 57–60 ಇಂಚು ಎತ್ತರದಲ್ಲಿರಲಿ, ನಿಂತವರ ಕಣ್ಣಿನ ಮಟ್ಟ ಸುಮಾರು ಅದು. ಹೆಚ್ಚಿನವರು ಇದಕ್ಕಿಂತ ಒಂದಡಿ ಮೇಲೆ ಹಾಕಿ ಆಮೇಲೆ ಕತ್ತು ಎತ್ತಿ ನೋಡುತ್ತಾರೆ. ಗೋಡೆಗೆ ಹಾಕುವ ಮೊದಲು ಫ್ರೇಮುಗಳನ್ನು ನೆಲದ ಮೇಲೆ ಜೋಡಿಸಿ, ಪ್ರತಿಯೊಂದರ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ, ಪೇಪರನ್ನು ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಅಂಟಿಸಿ ನೋಡಿ. ನಿಮ್ಮಿಬ್ಬರಿಗೆ ಅದು ಒಂದು ಭಾನುವಾರದ ಕೆಲಸ.

ಸೀರಿಯಲ್ ಸೆಟ್ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಿಣುಕುವ ದೀಪದ ಕೆಳಗೆ ಕೂತು ನನಗೆ ಒಂದು ಪುಟವೂ ಓದಲಾಗದು. ಒಂದೇ ಬಣ್ಣದ್ದು, ಮಿಣುಕದೆ ನಿಂತು ಉರಿಯುವಂಥದ್ದು, ಬೇರೆಯದೇ ಸ್ವಿಚ್ಚಿಗೆ. ಇಷ್ಟಾದರೆ ನನ್ನ ಓಟೂ ಅವಳಿಗೇ.

ಇದೆಲ್ಲ ನಾನು ದೂರದಲ್ಲಿ ಕೂತು ಮಾಡಿದ ಹಂಚಿಕೆ, ಮನೆಯಲ್ಲಿ ಕದಲುತ್ತದೆ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಮೂವರೂ ಒಂದೊಂದು ಚೀಟಿ ತೆಗೆದುಕೊಂಡು, ಹಾಲ್‌ನಲ್ಲಿ ತಮಗೆ ಸಹಿಸಲಾಗದ ಒಂದೇ ಒಂದು ವಸ್ತುವಿನ ಹೆಸರು ಬರೆಯಿರಿ. ಇಷ್ಟವಾದದ್ದು ಬೇಡ, ಇಷ್ಟದ ಪಟ್ಟಿಗೆ ಕೊನೆ ಇರುವುದಿಲ್ಲ. ನಾಲ್ವರು ಹುಡುಗರಿದ್ದ ಒಂದು ಮನೆಯಲ್ಲಿ ಇದನ್ನು ಮಾಡಿಸಿದೆ. ಚೀಟಿ ಬಿಚ್ಚಿದರೆ ನಾಲ್ಕರಲ್ಲೂ ಒಂದೇ ಮಾತು: 'ಕಂದು ಕುರ್ಚಿ'. ಕೈ ಅಲ್ಲಾಡುವ, ಸ್ಪಂಜು ಹೊರಗೆ ಬಂದ ಒಂದು ಆರಾಮಕುರ್ಚಿ. ಅದು ಉಳಿದ ಮೂವರಲ್ಲಿ ಯಾರದೋ ಪ್ರೀತಿಯದು ಅಂತ ನಾಲ್ವರೂ ಎರಡು ವರ್ಷ ಬಾಯಿಮುಚ್ಚಿಕೊಂಡು ಅದನ್ನು ಸುತ್ತಿ ಓಡಾಡುತ್ತಿದ್ದರು. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಕುರ್ಚಿ ಅದು. ಮಾಲೀಕರಿಗೆ ಒಂದು ಮಾತು ಹೇಳಿ, ಆವತ್ತು ಸಂಜೆಯೇ ಅದನ್ನು ಕೆಳಗಿಳಿಸಿದೆವು. ನಾಲ್ಕು ಜನ ಹೊತ್ತರು, ಒಬ್ಬರಿಗೆ ಸಾಕಾಗುವಷ್ಟು ಭಾರ.

ಪ್ರಶ್ನೆ: ಮಾಲೀಕರು ಗೋಡೆಗೆ ಮೊಳೆ ಹೊಡೆಯಕೂಡದು ಅಂದಿದ್ದಾರೆ. ಅಂಟುಪಟ್ಟಿ ಹಾಕಿ ರೂಮ್‌ಮೇಟ್‌ನ ಫ್ರೇಮ್ ನೇತುಹಾಕಿದೆ. ಮೂರನೇ ರಾತ್ರಿ ಧಡಾರಂತ ಬಿತ್ತು. ಗಾಜು ಪುಡಿ, ಜೊತೆಗೆ ಗೋಡೆಯ ಪೇಂಟೂ ಅಂಗೈಯಗಲ ಕಿತ್ತು ಬಂದಿದೆ. ಅವನು ಅಂಟುಪಟ್ಟಿ ಕಳಪೆ ಅನ್ನುತ್ತಾನೆ, ನಾನು ಫ್ರೇಮ್ ಭಾರ ಅನ್ನುತ್ತೇನೆ. ಯಾರದು ಸರಿ?
– ಮೊಳೆಯಿಲ್ಲದವನು

ಉತ್ತರ: ಇಬ್ಬರದೂ ಅಲ್ಲ. ಪೇಂಟ್ ಕಿತ್ತು ಬಂತು ಅಂದರೆ ಅಂಟುಪಟ್ಟಿ ಪೇಂಟನ್ನು ಕೊನೆತನಕ ಬಿಟ್ಟಿಲ್ಲ. ಪೇಂಟೇ ಗೋಡೆಯನ್ನು ಬಿಟ್ಟಿದೆ. ಮುಂದಿನ ಸಲ ಗೋಡೆಗೆ ಅಂಗೈ ಒತ್ತಿ ಉಜ್ಜಿ ನೋಡಿ. ಕೈಗೆ ಸುಣ್ಣದಂಥ ಪುಡಿ ಬಂದರೆ ಅದು ಡಿಸ್ಟೆಂಪರ್, ಅಲ್ಲಿ ಯಾವ ಅಂಟೂ ನಿಲ್ಲದು. ಪುಡಿ ಬರದ ಗೋಡೆಯಾದರೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸೋಪುನೀರು ಬೇಡ, ಅದರ ಜಿಡ್ಡು ಉಳಿಯುತ್ತದೆ. ಪಟ್ಟಿಯನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಭಾರ ಹಾಕಿ. ಪೇಂಟ್ ಹೊಸದಾಗಿದ್ದರೆ ಕನಿಷ್ಠ ಒಂದು ವಾರ ಅದರ ಸುದ್ದಿಗೇ ಹೋಗಬೇಡಿ. ಬಾಲ ಇರುವ ಪಟ್ಟಿಯನ್ನು ತೆಗೆಯುವಾಗ ನಿಮ್ಮ ಕಡೆ ಎಳೆಯದೆ, ಗೋಡೆಗೆ ಅಂಟಿಕೊಂಡ ಹಾಗೆ ಕೆಳಮುಖವಾಗಿ ನಿಧಾನ ಎಳೆಯಿರಿ. ರಬ್ಬರಿನ ಹಾಗೆ ಉದ್ದಕ್ಕೆ ಬಂದು ಬಿಡುತ್ತದೆ. ಎಷ್ಟು ಭಾರ ತಡೆಯುತ್ತದೆ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ, ನಾನು ಅದರ ಅರ್ಧವನ್ನೇ ನಂಬುವವಳು. ಮಂಚದ ತಲೆದೆಸೆಗೆ ಅಂಟು ಹಾಕಿ ಗಾಜಿನ ಫ್ರೇಮ್ ತೂಗಿಸುವುದು ಬೇಡವೇ ಬೇಡ. ದೊಡ್ಡ ಫ್ರೇಮನ್ನು ಅಲಮಾರಿಯ ಮೇಲೋ ನೆಲದ ಮೇಲೋ ಗೋಡೆಗೆ ಒರಗಿಸಿಡಿ, ನೋಡುವುದಕ್ಕೂ ಚೆನ್ನಾಗೇ ಇರುತ್ತದೆ.

ಕಿತ್ತ ಜಾಗಕ್ಕೆ ತೆಳುವಾಗಿ ಪುಟ್ಟಿ ಎಳೆದು, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪೇಂಟ್ ಹಚ್ಚಿ. ಅಂಗೈಯಗಲಕ್ಕೆ ಮಾತ್ರ ಹಚ್ಚಿದರೆ ತೇಪೆ ಎದ್ದು ಕಾಣುತ್ತದೆ, ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ ಪೂರ್ತಿ ಬಳಿಯಬೇಕಾಗುತ್ತದೆ. ಮನೆ ಖಾಲಿ ಮಾಡುವ ಹಿಂದಿನ ದಿನ ಇದನ್ನು ಮಾಡಲು ಹೊರಟು ಅಡ್ವಾನ್ಸ್ ಕಳೆದುಕೊಂಡವರನ್ನು ನೋಡಿದ್ದೇನೆ, ಈಗಲೇ ಮುಗಿಸಿ. ಖರ್ಚು ಅರ್ಧರ್ಧ. ಫ್ರೇಮ್ ಅವನದು, ಅಂಟಿಸಿದ ಕೈ ನಿಮ್ಮದು.

ಪ್ರಶ್ನೆ: ಮೂವರೂ ಸಮ ಹಣ ಹಾಕಿ ಸೋಫಾ ತಗೊಂಡಿದ್ದೆವು. ಈಗ ಒಬ್ಬಳು ಮನೆ ಬಿಡುತ್ತಿದ್ದಾಳೆ, ತನ್ನ ಪಾಲು ಪೂರ್ತಿ ವಾಪಸ್ ಕೊಡಿ ಅನ್ನುತ್ತಾಳೆ. ಆ ಬಣ್ಣ ಆರಿಸಿದ್ದೂ ಅವಳೇ, ನಮಗೆ ಇಷ್ಟವಿರಲಿಲ್ಲ.
– ಉಳಿದಿಬ್ಬರು

ಉತ್ತರ: ಬಣ್ಣದ ಮಾತು ಆವತ್ತೇ ಆಡಬೇಕಿತ್ತು, ಈಗ ಲೆಕ್ಕಕ್ಕೆ ಬರದು. ಅವಳು ಕೇಳುವಂತೆ ಪೂರ್ತಿ ಪಾಲೂ ಕೊಡಬೇಕಿಲ್ಲ, ಅವಳೂ ಇಷ್ಟು ದಿನ ಅದರ ಮೇಲೆ ಕೂತಿದ್ದಾಳೆ. ಅಷ್ಟೇ ಹಳೆಯ ಸೋಫಾ ಸೆಕೆಂಡ್ ಹ್ಯಾಂಡ್ ಆಗಿ ಎಷ್ಟಕ್ಕೆ ಹೋಗುತ್ತದೆ ವಿಚಾರಿಸಿ, ಅದರ ಮೂರನೇ ಒಂದು ಪಾಲು ಕೊಟ್ಟು ಮುಗಿಸಿ. ಇನ್ನು ಮೇಲೆ ಒಂದು ವಸ್ತುವಿಗೆ ಒಬ್ಬರೇ ಒಡೆಯರಿರಲಿ. ಒಬ್ಬರು ಸೋಫಾ, ಒಬ್ಬರು ಕಾರ್ಪೆಟ್ ಮತ್ತು ದೀಪ. ಹೋಗುವಾಗ ಅವರವರದನ್ನು ಎತ್ತಿಕೊಂಡು ಹೋಗಲಿ, ಕ್ಯಾಲ್ಕುಲೇಟರ್ ಬೇಡ.

ಪ್ರಶ್ನೆ: ರೂಮ್‌ಮೇಟ್‌ಗೆ ಬೆಕ್ಕು, ನನಗೆ ಮನಿಪ್ಲಾಂಟ್. ಮೇಲೆ ನೇತುಹಾಕಿದರೆ ಎರಡೂ ಇರಬಹುದಲ್ಲವೇ?
– ಬಳ್ಳಿಯವಳು

ಉತ್ತರ: ಇರಬಾರದು. ಮನಿಪ್ಲಾಂಟ್ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಬೆಕ್ಕು ಜಗಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತದೆ, ವಾಂತಿಯೂ ಆಗುತ್ತದೆ. ಮೇಲೆ ನೇತುಹಾಕಿದರೆ ಬಳ್ಳಿ ಕೆಳಗಿಳಿಯುತ್ತದೆ, ಬೆಕ್ಕು ಮೇಲೆ ಹಾರುತ್ತದೆ, ಎಲ್ಲೋ ನಡುವೆ ಎರಡೂ ಭೇಟಿಯಾಗುತ್ತವೆ. ಸ್ನೇಕ್ ಪ್ಲಾಂಟ್ ಕೂಡ ಬೆಕ್ಕಿಗೆ ಆಗದು. ಲಿಲ್ಲಿ ಹೂವನ್ನಂತೂ ಹೂದಾನಿಯಲ್ಲಿಡಲಿಕ್ಕೂ ಮನೆಯೊಳಗೆ ತರಬೇಡಿ, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ. ಮನಿಪ್ಲಾಂಟನ್ನು ನಿಮ್ಮ ರೂಮಿಗೆ ಒಯ್ದು ಬಾಗಿಲು ಹಾಕಿ, ಹಾಲ್‌ಗೆ ಅರೆಕಾ ಪಾಮ್ ಅಥವಾ ಸ್ಪೈಡರ್ ಪ್ಲಾಂಟ್ ತನ್ನಿ. ಸ್ಪೈಡರ್ ಪ್ಲಾಂಟಿನ ಇಳಿಬಿದ್ದ ಎಲೆ ಕಂಡರೆ ಬೆಕ್ಕುಗಳಿಗೆ ಅದೇನೋ ಹುಚ್ಚು, ಕಚ್ಚಿ ಕಚ್ಚಿ ಬೋಳು ಮಾಡಿಬಿಡುತ್ತವೆ. ಬೆಕ್ಕಿಗೆ ವಿಷವಾಗುವುದಿಲ್ಲ, ಅಷ್ಟು ಹೇಳಬಲ್ಲೆ. ಗಿಡದ ಬಗ್ಗೆ ಮಾತು ಕೊಡಲಾರೆ.